ರೊಟ್ಟಿ ಮಷಿನ್ ತಗೊಂಡು 14 ತಿಂಗಳಾತು, ಈಗ ಹೇಳ್ತೀನಿ ಕೇಳ್ರಿ

ಜೋಳದ ರೊಟ್ಟಿ ಮಷಿನ್ ಹೆಂಗೈತಿ, ತಗೋಬೇಕೋ ಬ್ಯಾಡೋ ಅಂತ ಓಣ್ಯಾಗ, ಆಫೀಸಿನ್ಯಾಗ, ಮದವಿ ಮನ್ಯಾಗ, ಕಡೀಕ ಕಟಿಂಗ್ ಅಂಗಡ್ಯಾಗ ಮಾರಿಗೆ ಸಾಬೂನ್ ಹಚ್ಕೊಂಡು ಕುಂತಾಗ್ಲೂ ಮಂದಿ ಕೇಳಿ ಕೇಳಿ ಸಾಕ್ ಮಾಡ್ಯಾರ. ಅದಕ್ಕ ಒಮ್ಮಿ ಪೂರಾ ಬರದ್ ಹಾಕಿಬಿಡ್ತೀನಿ, ಇನ್ಮ್ಯಾಲೆ ಕೇಳಿದವ್ರಿಗೆ ಫಾರ್ವರ್ಡ್ ಮಾಡೋದಷ್ಟ. ಮದ್ಲ ಒಂದು ಹೇಳ್ತೀನಿ, ನಾ ರೊಟ್ಟಿ ಬಡಿಯೋದ್ರಾಗ ಎಕ್ಸ್‌ಪರ್ಟ್ ಅಲ್ಲ, ತಿನ್ನೋದ್ರಾಗ 36 ವರ್ಷದ ಅನುಭವ ಐತಿ. ಕಂಪನಿ ಹೆಸರು ಹಾಕಂಗಿಲ್ಲ, ಯಾಕಂದ್ರ ಮುಂದ ಬೈಯೋದು ಸ್ವಲ್ಪ ಐತಿ, ಮತ್ತ ನಾ ನೋಡಿದ ನಾಕೈದು ಮಷಿನ್ ಹೆಚ್ಚೂಕಮ್ಮಿ ಒಂದ ಥರಾನ ಇದ್ವು, ಬಣ್ಣ ಸ್ಟಿಕ್ಕರ್ ಬ್ಯಾರೆ ಅಷ್ಟ.

ವಿಜಯಪುರದವ್ರಿಗೆ ರೊಟ್ಟಿ ಬಗ್ಗೆ ಪಾಠ ಹೇಳೋದು ಬ್ಯಾಡ, ಡೋಣಿ ಹೊಳಿ ದಂಡಿ ಬಗ್ಗೆ ಡೋಣಿ ಬೆಳದ್ರ ಓಣೆಲ್ಲಾ ಜೋಳ ಅನ್ನೋ ಗಾದಿ ಇರೋ ಜಿಲ್ಲಾ ಇದು. ನಮ್ಮನ್ಯಾಗ ಅಪ್ಪ, ಅವ್ವ, ನಾನು, ನನ್ ಹೆಂಡ್ತಿ, ಎರಡು ಹುಡುಗ್ರು, ಎರಡೂ ಹೊತ್ತು ಸೇರಿ ದಿನಕ್ಕ 25 ರೊಟ್ಟಿ ಎಲ್ಲೂ ಹೋಗಂಗಿಲ್ಲ. ಹ್ವಾದ ವರ್ಷ ಅವ್ವನ ಬಲಗಡೆ ಭುಜ ಹಿಡಕೊಂತು. ಕೈ ಮ್ಯಾಲೆ ಎತ್ತಾಕ ಬರವಲ್ದು, ಹೆರಳು ಹಾಕ್ಕೊಳ್ಳಾಕೂ ಆಗವಲ್ದು. ದವಾಖಾನಿಗೆ ಕರ್ಕೊಂಡ್ ಹೋದೆ. ಏನ್ ಕೆಲಸ ಮಾಡ್ತೀರಬೇ ಅಂತ ಡಾಕ್ಟರ್ ಕೇಳಿದ್ರ ಅವ್ವ ಏನಂದ್ಲು ಗೊತ್ತೇನ್ರಿ, "ಏನೂ ಮಾಡಂಗಿಲ್ರಿ ಸಾಹೇಬ್ರ, ಮನ್ಯಾಗ ಇರ್ತೀನಿ." ಹೊರಗ ಬಂದು ಗುಳಿಗಿ ಅಂಗಡಿ ಮುಂದ ಪಾಳಿ ನಿಂತಾಗ ಮೊಬೈಲ್ ಕ್ಯಾಲ್ಕುಲೇಟರಿನ್ಯಾಗ ಒತ್ತಿ ನೋಡಿದೆ. ದಿನಕ್ಕ 25, ವರ್ಷಕ್ಕ 365 ದಿನ, ಆಕಿ ಮದವಿ ಆಗಿ 40 ವರ್ಷ, 3 ಲಕ್ಷ 65 ಸಾವಿರ ರೊಟ್ಟಿ. ಒಂದೊಂದು ರೊಟ್ಟಿಗೆ ಕೈ ಎಷ್ಟ್ ಸಲ ಬೀಳ್ತೈತಿ ಅಂತ ಎಣಸಾಕ ಹೋಗ್ಲಿಲ್ಲ. ಮಷಿನ್ ತರೋದು ಅಂತ ಅವತ್ತ ಫಿಕ್ಸ್ ಆತು.

ರೊಕ್ಕ ಅವ್ವಂದ. ಗೃಹಲಕ್ಷ್ಮಿದು ತಿಂಗಳಿಗೆ 2 ಸಾವಿರ ಬರ್ತಾವಲ್ರಿ, ಅದನ್ನ ಆಕಿ ಮುಟ್ಟದ ಹಂಗ ಇಟ್ಟಿದ್ಲು, ಬೆಂಡ್ವಾಲಿ ಮಾಡಿಸ್ಬೇಕಂತ ಇತ್ತಂತ ಮನಸಿನ್ಯಾಗ, 20 ಸಾವಿರ ಆಗಿತ್ತು. ಮಷಿನ್ ರೇಟ್ 28 ಸಾವಿರ, ಮ್ಯಾಲಿನ 8 ಸಾವಿರ ನಾ ಹಾಕ್ದೆ, ಟೆಂಪೋ ಬಾಡಿಗಿ 600 ಅಪ್ಪ ಕೊಟ್ಟ. ಆ 600 ರೂಪಾಯಿ ಸುದ್ದಿ ಅಪ್ಪ ಇನ್ನೂ ಹೇಳ್ಕೋತ ಅಡ್ಡಾಡ್ತಾನ.

ಮಷಿನ್ ಅಂದ್ಕೂಡ್ಲೆ ಒಂದ್ ಕಡೆ ಹಿಟ್ಟ್ ಸುರುವಿದ್ರ ಇನ್ನೊಂದ್ ಕಡೆ ಬೆಂದ ರೊಟ್ಟಿ ಬೀಳ್ತಾವು ಅಂತ ತಿಳ್ಕೋಬ್ಯಾಡ್ರಿ. ಅಂಥಾವೂ ಅದಾವ, ಅವು ಫ್ಯಾಕ್ಟರಿ ಹಾಕೋವ್ರಿಗೆ. ಇದು ಮನಿ ಸೈಜಿಂದು. ಟೇಬಲ್ಲಿನಷ್ಟು ಎತ್ತರದ ಸ್ಟೀಲಿನ ಡಬ್ಬಿ, ಒಳಗ ಅರ್ಧ ಎಚ್‌ಪಿ ಮೋಟಾರ್, ಸಿಂಗಲ್ ಫೇಜ್, ಮ್ಯಾಲೊಂದು ಗುಂಡನ ತಾಟು, ತಾಟಿನ ಮ್ಯಾಲೊಂದು ರೋಲರ್. ಒಣ ಹಿಟ್ಟ್ ಉದುರಿಸಿ ಉಂಡಿ ಇಟ್ಟು ಬಟನ್ ಒತ್ತಿದ್ರ ತಾಟು ತಿರಗ್ತೈತಿ, ರೋಲರ್ ಕೆಳಗ ಇಳದು ಒತ್ಕೋತ ಒತ್ಕೋತ ಹೋಗ್ತೈತಿ, 13 ಸೆಕೆಂಡಿಗೆ 9 ಇಂಚಿನ ರೊಟ್ಟಿ, ಕೈವಾರ ಹಿಡದು ಗೆರಿ ಎಳದಂಗ ಗುಂಡಗ. ದಪ್ಪ ತೆಳ್ಳಗ ಮಾಡಾಕ ಸೈಡಿಗೊಂದು ತಿರುಪು. ಅಲ್ಲಿಂದ ಎತ್ತಿ ಹಂಚಿಗೆ ಹಾಕೋದು, ನೀರ್ ಸವರೋದು, ತಿರುವಿ ಹಾಕೋದು, ಉಬ್ಬಸೋದು ಎಲ್ಲಾ ನಿಮ್ಮ ಕೈಯ್ಯಾಗ, ಹಿಟ್ಟ್ ನಾದೋದೂ ನಿಮ್ಮ ಕೈಯ್ಯಾಗ. ಬಡಿಯೋದೊಂದ ಅದರ ಕೆಲಸ.

ಕರೆಂಟ್ ಭಾಳ ಎಳಿತೈತೇನು ಅಂತ ಎಲ್ಲಾರೂ ಕೇಳ್ತಾರ. ಇಲ್ರಿ. ಒಂದ್ ಎಚ್‌ಪಿ ಅಂದ್ರ 746 ವ್ಯಾಟ್, ಅರ್ಧಕ್ಕ 373, ಎರಡ್ ತಾಸ್ ಓಡ್ಸಿದ್ರೂ ಮುಕ್ಕಾಲು ಯುನಿಟ್. ಜಳಕಕ್ಕ ಗೀಜರ್ ಅರ್ಧ ತಾಸ್ ಹಚ್ಚಿದ್ರ ಇದಕ್ಕಿಂತ ಹೆಚ್ಚು ಸುಡ್ತೈತಿ. ಚಿಂತಿ ಇರೋದು ಕರೆಂಟ್ ಹೋದಾಗ, ಅದೂ ಬ್ಯಾಸಗ್ಯಾಗ. ಸೆಲ್ಕೋ ಅನ್ನೋ ಸೋಲಾರ್ ಕಂಪನಿಯವ್ರು ಸೋಲಾರ್ ಮ್ಯಾಲೆ ನಡಿಯೋ ರೊಟ್ಟಿ ಮಷಿನ್ ಹಳ್ಳಿ ಕಡೆ ಕೊಟ್ಟಾರ, ಹಳ್ಯಾಗ ಇರೋವ್ರು ಅದನ್ನೂ ವಿಚಾರ ಮಾಡ್ರಿ, ನಮಗ ಮಾಳಿಗಿ ಮ್ಯಾಲೆ ಜಾಗಾ ಇಲ್ಲ, ಅಪ್ಪನ ಪಾರಿವಾಳ ಅದಾವ.

ಮದಲ್ನೇ ದಿನ ಕುಂಕುಮ ಹಚ್ಚಿ ಕಾಯಿ ಒಡದು ಚಾಲೂ ಮಾಡಿದ್ವಿ. ಮದಲ್ನೇ ರೊಟ್ಟಿ ರೋಲರಿಗೆ ಸುತ್ಕೊಂಡ್ ಬಿಡ್ತು. ಎರಡನೇದು ಅಂಚೆಲ್ಲಾ ಬಿರದು ಕರ್ನಾಟಕದ ನಕಾಶಿ ಆತು, ಬೀದರಿಂದ ಚಾಮರಾಜನಗರದ ತನಕಾ ಎಲ್ಲಾ ಕಾಣ್ತಿತ್ತು. ಮೂರನೇದು ಎತ್ತಿದ್ರ ಅರ್ಧ ಕೈಯ್ಯಾಗ ಅರ್ಧ ತಾಟಿನ್ಯಾಗ. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರ ಹಿಟ್ಟು ಸರಿ ಇಲ್ಲ ಸರ್ ಅಂದ್ರು. ನಮ್ಮವ್ವನ ಹಿಟ್ಟು ಸರಿ ಇಲ್ಲ ಅಂತ 40 ವರ್ಷದಾಗ ಅಂದವ ಅವನೊಬ್ನ. ಆದ್ರ ಅವ ಅಂದದ್ದು ಖರೇನ ಇತ್ತು.

ಏನಂದ್ರ, ಗೋಧಿ ಹಿಟ್ಟಿನ್ಯಾಗ ಗ್ಲುಟೆನ್ ಅಂತ ಇರ್ತೈತಿ, ನಾದಿದಂಗ ರಬ್ಬರಿನಂಗ ಜಗ್ತೈತಿ, ಅದಕ್ಕ ಚಪಾತಿ ಲಟ್ಟಣಗಿ ಕೆಳಗ ಹರಿಯಂಗಿಲ್ಲ. ಜೋಳದಾಗ ಅದು ಇಲ್ಲ. ಅದಕ್ಕ ನಮ್ಮ ಹೆಣ್ಮಕ್ಳು ಎಸರು ಕುದಿಸಿ ಹಿಟ್ಟಿಗೆ ಹಾಕೋದು, ಕುದಿಯೋ ನೀರಿಗೆ ಹಿಟ್ಟಿನ್ಯಾಗಿನ ಪಿಷ್ಟ ಒಂದಿಷ್ಟು ಬೆಂದು ಅಂಟು ಬಿಡ್ತೈತಿ, ಆ ಅಂಟಿನ ಮ್ಯಾಲೆ ರೊಟ್ಟಿ ನಿಂತಿರೋದು. ಕೈಲೆ ಬಡಿಯೋವಾಗ ಹಿಟ್ಟು ಸ್ವಲ್ಪ ಮೆತ್ತಗಾದ್ರ ಬೆರಳಿಗೆ ಗೊತ್ತಾಗ್ತೈತಿ, ಅವ್ವ ಒಣ ಹಿಟ್ಟು ಉದುರಿಸ್ಕೋತಾಳ, ಅಂಚು ಬಿರದ್ರ ಎಡಗೈಲೆ ಕೂಡಿಸ್ಕೋತ ಬಲಗೈಲೆ ಬಡೀತಾಳ, ಒಂದ್ ರೊಟ್ಟಿ ಮುಗಿಯೋದ್ರಾಗ ಹತ್ತು ಸಲ ರಿಪೇರಿ ಆಗಿರ್ತೈತಿ, ನೋಡೋವ್ರಿಗೆ ಗೊತ್ತೂ ಆಗಂಗಿಲ್ಲ. ಮಷಿನ್ನಿಗೆ ಬೆರಳಿಲ್ಲ. ಉಂಡಿ ಹೆಂಗ ಕೊಟ್ರ ಹಂಗ ಒತ್ತಿ ಕೈ ತೊಳ್ಕೋತೈತಿ. ಹಿಂಗಾಗಿ ರಿಪೇರಿ ಎಲ್ಲಾ ಮದ್ಲ ಆಗಬೇಕು. ಹಿಟ್ಟು ಕೈರೊಟ್ಟಿಗಿಂತ ಒಂದಿಷ್ಟು ಗಟ್ಟಿ ಬೇಕು, ಬೀಸಿಸಿ ನಾಕೈದ್ ದಿನದೊಳಗಿಂದ ಇರಬೇಕು, ಗಿರಣ್ಯಾಗ ಸಣ್ಣಗ ಬೀಸಾಕ ಹೇಳಬೇಕು, ಮತ್ತ ಜೋಳ ಮಾಲದಂಡಿನ ಇರಬೇಕು. ಬೀಜದ ಚೀಲದ ಮ್ಯಾಲೆ ಎಂ 35-1 ಅಂತ ಇರ್ತೈತಲ್ಲ ಅದ, ಹಿಂಗಾರಿ ಬಿಳಿಜೋಳ. ರೇಷನ್ ಜೋಳ ಹಾಕಿ ನೋಡಿದ್ವಿ, ಮಷಿನ್ ಒಪ್ಲಿಲ್ಲ. ಎಂಟು ದಿನದಾಗ ಕೆಟ್ಟ ರೊಟ್ಟಿ ಅಷ್ಟೂ ಎದುರುಮನಿ ಎಮ್ಮಿ ತಿಂತು, ಈಗ್ಲೂ ಅದು ಮೋಟಾರ್ ಸಪ್ಪಳ ಕೇಳಿದ್ರ ಕುತ್ತಿಗಿ ಎತ್ತಿ ನೋಡ್ತೈತಿ. ಒಂಬತ್ತನೇ ದಿನ ಅವ್ವ ಎಸರಿನ ಲೆಕ್ಕ ಹಿಡದ್ಲು. ಮಷಿನ್ ಜೋಡಿ ಬಂದ ಬುಕ್ಕಿನ್ಯಾಗ "ಹಿಟ್ಟನ್ನು ಹದವಾಗಿ ಕಲಸಿಕೊಳ್ಳಿ" ಅಂತ ಒಂದ ಸಾಲು ಐತಿ. ಆ ಹದ ಅನ್ನೋ ಎರಡಕ್ಷರ ಮಷಿನ್ ರೇಟಿನ್ಯಾಗ ಬರಂಗಿಲ್ಲ, ಅದನ್ನ ನೀವ ಮನ್ಯಾಗಿಂದ ತರಬೇಕು.

ಈಗ ಸ್ಪೀಡು. ಬ್ರೋಷರಿನ್ಯಾಗ ತಾಸಿಗೆ 250 ರೊಟ್ಟಿ ಅಂತ ಬರದಾರ. ಸುಳ್ಳಲ್ಲ, ಒತ್ತೋದು ಒತ್ತತೈತಿ. ಆದ್ರ ಹಂಚಿಗೆ ಮೋಟಾರಿಲ್ಲಲ್ರಿ! ರೊಟ್ಟಿ ಬೇಯಾಕ ಒಂದ್ ನಿಮಿಷ ಬೇಕ ಬೇಕು, ಒಂದು ಒಲಿಗೆ ತಾಸಿಗೆ 50-55 ದಾಟಂಗಿಲ್ಲ. ಒಂದು ಬೇಯೋದ್ರಾಗ ಮಷಿನ್ ನಾಕು ಒತ್ತಿ ಒಗದಿರ್ತೈತಿ, ಅವು ಫ್ಯಾನಿನ ಗಾಳಿಗೆ ಒಣಗಿ ಬಿರೀತಾವ, ಒಂದರ ಮ್ಯಾಲೊಂದು ಇಟ್ರ ಅಂಟ್ಕೋತಾವ. ಅದಕ್ಕ ಎರಡನೇ ಒಲಿ ತಂದ್ವಿ, ಅದಕ್ಕೊಂದು ಸಿಲಿಂಡರ್, ಆಮ್ಯಾಲೆ ಮೂರನೇ ಹಂಚು, ಅಡಗಿ ಮನ್ಯಾಗ ಝಳ ತಡಿಲಾರದ ಒಂದು ಎಕ್ಸಾಸ್ಟ್ ಫ್ಯಾನು. ಈ ಖರ್ಚು ಯಾರೂ ಮದ್ಲ ಹೇಳಂಗಿಲ್ಲ, ನಮಗ ಮ್ಯಾಲಿಂದ ಮ್ಯಾಲೆ 9 ಸಾವಿರದ ಹತ್ತರ ಹತ್ತರ ಆತು. ನಮ್ಮ ರೆಕಾರ್ಡ್ ತಾಸಿಗೆ 140, ಅದೂ ಮೂರು ಮಂದಿ ನಿಂತಾಗ, ಒಬ್ರು ಉಂಡಿ ಮಾಡಿ ಮಷಿನ್ನಿಗೆ ಕೊಡೋವ್ರು, ಇಬ್ರು ಹಂಚಿನ ಮುಂದ. ಮದ್ಲ ಅವ್ವ ಒಬ್ಬಾಕಿನ ಕುಂತು ತಾಸಿಗೆ 35 ಮಾಡ್ತಿದ್ಲು, ಹಂಚಿನ ಮ್ಯಾಲಿಂದು ಬೇಯೋದ್ರಾಗ ಕೈಯ್ಯಾಗಿಂದು ಬಡದಿರ್ತಿದ್ಲು, ಒಲಿಗೂ ಕೈಗೂ ಒಂದ ತಾಳ. ಈಗಿಂದು 140ನ್ನ ಮೂರು ಮಂದಿಗೆ ಹಂಚ್ರಿ, ತಲಿಗೆ 47 ಬರ್ತಾವ. ಅಂದ್ರ ಇಷ್ಟೆಲ್ಲಾ ರೊಕ್ಕ ಸುರುವಿ ತಲಿಗೆ ತಾಸಿಗೆ 12 ರೊಟ್ಟಿ ಹೆಚ್ಚು ಮಾಡ್ಕೊಂಡ್ವಿ. ಈ ಲೆಕ್ಕ ಹೇಳಿದಾಗ ನನ್ ಹೆಂಡ್ತಿ ಅಂದ್ಲು, "ನೀವೊಂದು 12 ರೊಟ್ಟಿ ಬಡದಿದ್ರ ರೊಕ್ಕನ ಉಳೀತಿತ್ತಲ್ರೀ." ಉತ್ತರ ಕೊಡ್ಲಿಲ್ಲ ನಾ.

ಆದ್ರ ನ್ಯಾಯಕ್ಕ ಒಂದು ಹೇಳಬೇಕು, ಅವ್ವನ ಭುಜ ಆರಾಮ ಐತಿ. ಆರು ತಿಂಗಳಿಗೆ ಕೈ ಮ್ಯಾಲೆ ಹೋತು, ಹೆರಳು ತಾನ ಹಾಕ್ಕೊಂತಾಳ. ವ್ಯಾಯಾಮಾನೂ ಮಾಡ್ಸಿದ್ರು, ಗುಳಿಗೀನೂ ತಗೊಂಡ್ಲು, ಎಲ್ಲಾ ಮಷಿನ್ನಿಂದ ಅನ್ನಂಗಿಲ್ಲ, ಆದ್ರ ಬಡಿಯೋದು ತಪ್ಪಿದ್ದಕ್ಕ ಭಾಳ ಫರಕ ಆತು. ಇದೊಂದಕ್ಕ ನಾ 28 ಸಾವಿರ ಎರಡು ಸಲ ಬೇಕಾದ್ರೂ ಕೊಡ್ತೀನಿ.

ರುಚಿ. ಇದಕ್ಕ ಜಗಳ ಜಾಸ್ತಿ. ಅಪ್ಪ ಮದಲ್ನೇ ದಿನದಿಂದ ಮಷಿನ್ ರೊಟ್ಟಿಗೆ ರುಚಿ ಇಲ್ಲ, ಕಾಗದ ತಿಂದಂಗಾಗ್ತೈತಿ ಅಂತ ರಾಗ ತಗದಿದ್ದ. ಒಂದಿನ ಅವಂಗ ಹೇಳದ ಒಂದ ಬುಟ್ಟ್ಯಾಗ ಎರಡೂ ಥರಾ ಇಟ್ಟು ಬದನಿಕಾಯಿ ಎಣಗಾಯಿ ಜೋಡಿ ಬಡಿಸಿದ್ವಿ. ಒಂದು ಮುರದು, "ಹಾಂ, ಇದು ನೋಡು ಕೈರೊಟ್ಟಿ, ಕೈ ಗುಣಾನ ಬ್ಯಾರೆ" ಅಂದ. ಅದು ಮಷಿನ್ನಿಂದು. ಅವತ್ತಿಂದ ಅಪ್ಪ ಆ ವಿಷಯ ತಗಿಯಂಗಿಲ್ಲ. ಆದ್ರ ನಾ ಮಾತ್ರ ಹೇಳ್ತೀನಿ, ಫರಕ ಐತಿ. ಬಿಸಿ ಮೆತ್ತನ ರೊಟ್ಟ್ಯಾಗ ಕೈಯಿಂದ ಗೆಲ್ತೈತಿ. ಕೈಲೆ ಬಡದದ್ದು ನಡುವು ಒಂದ್ ಚೂರು ದಪ್ಪ ಇದ್ದು ಚಂದಾಗಿ ಉಬ್ಬತೈತಿ, ಒಳಗ ಎರಡು ಪದರ ಆಗ್ತಾವ, ಅದರಾಗ ಬೆಣ್ಣಿ ಕೆಂಪ ಖಾರ ಹಾಕ್ಕೊಂಡ್ರ ಮುಗೀತು. ಮಷಿನ್ನಿಂದು ಉಬ್ಬತೈತಿ ಆದ್ರ ಜಲ್ದಿ ಇಳೀತೈತಿ. ಖಡಕ್ ರೊಟ್ಟ್ಯಾಗ ಮಾತ್ರ ಮಷಿನ್ನ ಗೆಲ್ತೈತಿ, ಅದರಾಗ ಎರಡು ಮಾತಿಲ್ಲ, ಎಲ್ಲಾ ಕಡೆ ಒಂದ ಥರಾ ತೆಳ್ಳಗ ಇರೋದ್ರಿಂದ ಒಂದ ಹದಕ್ಕ ಒಣಗ್ತಾವ, ಪ್ಯಾಕೆಟಿನ್ಯಾಗ ಪುಡಿ ಆಗೋದೂ ಕಡಿಮಿ. ಬಿಸಿ ರೊಟ್ಟಿ ಕುಟ್ಟಿ ಮಾಡೋ ಮುಟಗಿಗೆ ಬೇಕಾದ ದಪ್ಪ ರೊಟ್ಟಿ ಇದರಾಗ ಬರಂಗಿಲ್ಲ, ಕೈಲೆ ಮಾಡ್ರಿ. ಸಂಕ್ರಾಂತಿಗೆ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಮಾಡಾಕ ಹೋಗಿ ನಮ್ಮ ಕಥಿ ಮುಗದಿತ್ತು. ಎಳ್ಳೆಲ್ಲಾ ರೋಲರಿಗೆ ಮೆತ್ಕೊಂಡ್ವು, ಸಜ್ಜಿಗೆ ಮದ್ಲ ಜಿಗಿ ಕಡಿಮಿ. ಸಿದ್ಧೇಶ್ವರ ಜಾತ್ರಿಗೆ ಬಂದ ಬೀಗರಿಗೆ ಅಂತ ಕಡೀಕ ಅತ್ತಿ ಸೊಸಿ ಇಬ್ರೂ ಕುಂತು ಕೈಲೇನ ಬಡದ್ರು.

ತೊಳಿಯೋದು ಒಂದು ಶಿಕ್ಷಾ. ರೋಲರಿನ ಎರಡೂ ತುದ್ಯಾಗ ಹಿಟ್ಟು ಹೋಗಿ ಕುಂತು ಒಣಗಿ ಕಲ್ಲಾಗಿರ್ತೈತಿ, ಹಳೇ ಹಲ್ಲುಜ್ಜೋ ಬ್ರಷ್ ತಗೊಂಡು ದಿನಾ 20-25 ನಿಮಿಷ ಕೆರೀಬೇಕು, ಒಂದಿನ ಬಿಟ್ರ ಮರುದಿನ ಜೊಂಡಿಗ್ಯಾ ಸಭಾ ಕೂಡಿರ್ತಾವ. ಹೆಂಡ್ತಿ ಕೇಳಿದ್ಲು, "ಮಷಿನ್ ತಂದ್ರಿ, ಮಷಿನ್ ತೊಳಿಯೋ ಮಷಿನ್ ಯಾವಾಗ ತರ್ತೀರಿ?" ಸಪ್ಪಳಾನೂ ಕಡಿಮಿ ಏನಲ್ಲ. ಮುಂಜಾನೆ ಐದೂವರಿಗೆ ಚಾಲೂ ಆದ್ರ ಬಾಜೂ ಮನಿ ಕಾಕಾರು ಗ್ವಾಡಿ ಬಡೀತಿದ್ರು, ಗೋಳಗುಮ್ಮಟದಾಗ ಒಮ್ಮಿ ಕೂಗಿದ್ರ ಏಳ್ ಸಲ ಕೇಳ್ತೈತಿ, ನಿಮ್ಮ ಮಷಿನ್ ನನ್ನ ಕಿವ್ಯಾಗ ಎಪ್ಪತ್ ಸಲ ಕೇಳ್ತೈತಿ ಅಂತ. ಕಾಲಿನ ಕೆಳಗ ರಬ್ಬರ್ ಶೀಟ್ ಹಾಕಿ, ಚಾಲೂ ಮಾಡೋದು ಏಳಕ್ಕ ಅಂತ ಮಾಡ್ಕೊಂಡ್ವಿ, ವಾರಕ್ಕ ಎರಡ್ ಸಲ ಬಿಸಿ ರೊಟ್ಟಿ ಅವರ ಮನಿಗೆ ಹೋಗ್ತಾವ, ಈಗ ಸಪ್ಪಳ ಕೇಳಂಗಿಲ್ಲಂತ.

ಸರ್ವಿಸ್ ಬಗ್ಗೆ ಕಮ್ಮಿ ಮಾತಾಡಿದಷ್ಟೂ ಚಲೋ. ಐದನೇ ತಿಂಗಳಿಗೆ ಬೆಲ್ಟ್ ಹರೀತು. ವಿಡಿಯೋ ಕಳಸ್ರಿ ಅಂದ್ರು, ಕಳಿಸ್ದೆ. ಇನ್ನೊಂದು ಕಡೆಯಿಂದ ಕಳಸ್ರಿ ಅಂದ್ರು, ಕಳಿಸ್ದೆ. ನಾಳೆ ಹುಡುಗ ಬರ್ತಾನ ಅಂದ್ರು, ಆ ನಾಳೆ 11 ದಿನ ಇತ್ತು. ಹನ್ನೆರಡನೇ ದಿನ ನಾನ ಬಿಚ್ಚಿ ಬೆಲ್ಟ್ ತಗೊಂಡು ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋದ್ರ ಆ ಮನಿಷ್ಯಾ ನೋಡಿ ನಕ್ಕ, ಇದು ಹಿಟ್ಟಿನ ಗಿರಣಿ ಬೆಲ್ಟಿನ ತಮ್ಮ ಅಂತಂದು 180 ರೂಪಾಯಿಗೆ ಕೊಟ್ಟ. ಆ 11 ದಿನ ಮನ್ಯಾಗ ಏನಾತು ಅನ್ನೋದು ಹೇಳಬೇಕಂದ್ರ ಅದಕ್ಕಿಂತ ಮದ್ಲಿಂದು ಹೇಳಬೇಕು, ಖರೇ ರಿವ್ಯೂ ಅಲ್ಲಿಂದ ಚಾಲೂ ಆಗ್ತೈತಿ.

ಏನಂದ್ರ ನಾ ಮಷಿನ್ ತಂದದ್ದು ಅವ್ವನ ಕೆಲಸ ಕಡಿಮಿ ಆಗ್ಲಿ ಅಂತ. 25 ರೊಟ್ಟಿ ಮಷಿನ್ನಿಗೆ ಏನ್ ಲೆಕ್ಕ, ಅರ್ಧ ತಾಸ್ ಕೆಲಸ, ಉಳದ ಹೊತ್ತು ಅವ್ವ ಗುಡಿಗೆ ಹೋಗ್ಲಿ, ಟಿವಿ ನೋಡ್ಲಿ, ಅಡ್ಡಾಗ್ಲಿ ಅಂತ ನಾ ತಿಳ್ಕೊಂಡಿದ್ದೆ. ಮದಲ್ನೇ ತಿಂಗಳು ಹಂಗ ಆತು. ಎರಡನೇ ತಿಂಗಳಿಗೆ ಅವ್ವ ಅಂದ್ಲು, ಅಷ್ಟ್ ರೊಕ್ಕ ಹಾಕಿ ಅರ್ಧ ತಾಸಿಗೆ ಬಂದ್ ಮಾಡಿ ಮುಚ್ಚಿಡೋದು ಅಂದ್ರ ಎತ್ತು ತಂದು ಗ್ವಾದಲ್ಯಾಗ ಕಟ್ಟಿ ಮೇಯ್ಸಿದಂಗ. ಬೆಂಗಳೂರಿನ್ಯಾಗಿರೋ ನಮ್ಮ ತಂಗಿಗೆ 50 ಖಡಕ್ ರೊಟ್ಟಿ ಕಳಿಸಿದ್ಲು. ತಂಗಿ ಪಿಜಿ ಗೆಳತ್ಯಾರು ತಿಂದ್ರು. ಅವರು 100 ಕೇಳಿದ್ರು. ಬಸ್ಸಿನ್ಯಾಗ ಪಾರ್ಸಲ್ ಹೋಗಾಕ ಶುರು ಆತು. ಆಮ್ಯಾಲೆ ಓಣ್ಯಾಗ ನೌಕರಿಗೆ ಹೋಗೋ ಸೊಸ್ತ್ಯಾರು, ಆಮ್ಯಾಲೆ ಒಂದು ಮೆಸ್ಸು, ಆಮ್ಯಾಲೆ ಮದವಿ. ಈಗ ದಿನಕ್ಕ 300 ರೊಟ್ಟಿ, ಒಂದಕ್ಕ 8 ರೂಪಾಯಿ. ವಾಟ್ಸಾಪಿನ್ಯಾಗ ಆರ್ಡರ್, ಅವ್ವಗ ಓದಾಕ ಕಷ್ಟ ಅಂತ ಎಲ್ಲಾರೂ ವಾಯ್ಸ್ ಮೆಸೇಜ್ ಬಿಡ್ತಾರ. ಪಡಸಾಲ್ಯಾಗ ರೊಕ್ಕ ಬಂದ್ರ ಒದರೋ ಡಬ್ಬಿ ಇಟ್ಟಾಳ, ಇಂತಿಷ್ಟು ರೂಪಾಯಿ ಸ್ವೀಕರಿಸಲಾಗಿದೆ ಅಂತ ಅದು ಒದರಿದ್ರ ಅವ್ವ ಒಳಗಿಂದ "ಹೂಂ ನಮ್ಮವ್ವಾ" ಅಂತಾಳ. ಅತ್ತ ಕಲಬುರಗಿ ಜಿಲ್ಲಾಡಳಿತದವ್ರು ಸಂಘದ ಹೆಣ್ಮಕ್ಳ ರೊಟ್ಟಿಗೆ ಕಲಬುರಗಿ ರೊಟ್ಟಿ ಅಂತ ಬ್ರ್ಯಾಂಡ್ ಮಾಡ್ಯಾರ, ನಮಗ್ಯಾಕಿಲ್ಲ ಅಂತ ಕೇಳ್ತಾಳ ಈಗ.

ಕೆಲಸ ಕಡಿಮಿ ಆತೇನು ಅಂದ್ರ, ಇಲ್ಲ. ಮದ್ಲ ದಿನಕ್ಕ ಒಂದ್ ತಾಸ್ ರೊಟ್ಟಿ ಮುಂದ ಇರ್ತಿದ್ಲು, ಈಗ ಐದ್ ತಾಸು. ಭುಜ ಉಳೀತು, ಮೊಣಕಾಲು ನೋಯಾಕ ಹತ್ಯಾವ. ಬಂದ್ ಮಾಡಬೇ, ನಮಗೇನ್ ಕಡಿಮಿ ಆಗೈತಿ ಅಂತ ನಾ ಒಂದಿನ ಅಂದೆ. ಆಕಿ ಮಾರಿ ನೋಡ್ಬೇಕಿತ್ತು ನೀವು. "ನಿಮಗ ಕಡಿಮಿ ಆಗಿಲ್ಲಪಾ. ನನ್ನ ಹತ್ರ ಕೇಳಾರದ ಖರ್ಚ್ ಮಾಡಾಕ ರೊಕ್ಕ ಯಾವಾಗಿತ್ತು?" ಅಂದ್ಲು. ಆ ಬೆಲ್ಟ್ ಹರದ 11 ದಿನ ಅಂದ್ನಲ್ಲ, ಆಗ ಆಕಿ ಊಟ ಸರಿಯಾಗಿ ಮಾಡ್ಲಿಲ್ಲ, ನಿಮಿಷಕ್ಕೊಮ್ಮೆ ಬಾಗಲ ಕಡೆ ನೋಡ್ತಿದ್ಲು ರಿಪೇರಿ ಹುಡುಗ ಬಂದ್ನೇನೋ ಅಂತ. ನಾ ಆರಾಮ ಸಿಕ್ತು ಅಂತ ತಿಳ್ಕೊಂಡಿದ್ದೆ, ಆಕಿಗೆ ಅದು ಸೂತಕ ಇದ್ದಂಗಿತ್ತು. ದವಾಖಾನ್ಯಾಗ ಏನೂ ಮಾಡಂಗಿಲ್ರಿ ಅಂದಾಕಿ, ಮೊನ್ನೆ ಮೊಣಕಾಲಿಗೆ ಅಂತ ಅದ ಡಾಕ್ಟರ್ ಕಡೆ ಹೋದಾಗ "ರೊಟ್ಟಿ ಬಿಜಿನೆಸ್ ಐತ್ರಿ ನಂದು" ಅಂದ್ಲು. ಇದಕ್ಕ ಎಷ್ಟ್ ಸ್ಟಾರ್ ಕೊಡಬೇಕೋ ನನಗ ತಿಳೀವಲ್ದು.

ಇನ್ನೊಂದು ಬಾಜೂನೂ ಐತಿ, ಅದನ್ನ ಬಿಟ್ರ ಈ ರಿವ್ಯೂ ಅರ್ಧ ಸುಳ್ಳಾಗ್ತೈತಿ. ನಮ್ಮ ಹಿಂದಿನ ಓಣ್ಯಾಗ ಒಬ್ಬ ಅಕ್ಕಾರ ಅದಾರ, ಮದವಿ, ಸೀಮಂತ, ಗುಡಿ ಪ್ರಸಾದ ಏನಿದ್ರೂ ಮನಿಮನಿಗೆ ಹೋಗಿ ರೊಟ್ಟಿ ಬಡಿಯೋವ್ರು. ಹಿಟ್ಟು, ಗ್ಯಾಸು ಮನಿಯವ್ರದು, ಬಡದದ್ದಕ್ಕ ರೊಟ್ಟಿಗೆ 3 ರೂಪಾಯಿ. ಕೊಪ್ಪಳ ಗವಿಮಠದ ಜಾತ್ರಿಗೆ ಊರೂರಿಂದ ರೊಟ್ಟಿ ಹೋಗ್ತಾವಲ್ರಿ, ಅವರ ತವರು ಆ ಕಡೆ, ಜಾತ್ರಿ ಮುಂದ ತವರಿಗೆ ಹೋದ್ರ ಒಂದ್ ದಿನಕ್ಕ 200 ಬಡೀತಿದ್ರಂತ. ನಮ್ಮನಿಗೆ ಮದವಿ ಆರ್ಡರ್ ಬಂದಾಗ ನಮಗೆಲ್ಲಾ ಖುಷಿ, ಆ ಆರ್ಡರ್ ಮದ್ಲ ಯಾರದಿತ್ತು ಅಂತ ಯಾರೂ ವಿಚಾರ ಮಾಡ್ಲಿಲ್ಲ. ಒಂದಿನ ಮಧ್ಯಾಹ್ನ ಅವರ ಬಂದು ಬಾಗಲದಾಗ ನಿಂತ್ರು. "ಚಿಗವ್ವಾ, ಮಷಿನ್ ತಂದೀರಂತ, ನೋಡೂಣು ಅಂತ ಬಂದೆ." ಬೈದಿದ್ರ ಚಲೋ ಇತ್ತು. ಚಾ ಕುಡದು, ಒಂದು ರೊಟ್ಟಿ ಕೈಯ್ಯಾಗ ತಗೊಂಡು ಬೆಳಕಿಗೆ ಹಿಡದು ನೋಡಿ, ಅಂಚು ಮುರದು, "ಚಲೋ ಬಂದಾವ" ಅಂದು ಸುಮ್ನಾದ್ರು. ಅವ್ವ ಆ ರಾತ್ರಿ ಮಲಗ್ಲಿಲ್ಲ. ಮುಂಜಾನೆದ್ದು ತಾನ ಅವರ ಮನಿಗೆ ಹೋಗಿ ನನ್ ಜೋಡಿ ಬಾ ಅಂತ ಕರ್ಕೊಂಡ್ ಬಂದ್ಲು.

ಈಗ ಹಂಚಿನ ಮುಂದ ನಿಂದ್ರೋವ್ರು ಅವರ. ದಿನಕ್ಕ ಐದ್ ತಾಸು, 350 ರೂಪಾಯಿ. ಮದ್ಲ ಸೀಜನ್ನಿನ್ಯಾಗ ಒಂದ್ ದಿನಕ್ಕ 600 ಆಗ್ತಿತ್ತು, ಆಷಾಢದಾಗ ಒಂದ್ ಪೈಸಾನೂ ಇರ್ತಿರ್ಲಿಲ್ಲ. ಈಗ ವಾರಕ್ಕ ಆರು ದಿನ ಖಾಯಂ. ಯಾವುದು ಚಲೋ ಯಕ್ಕಾ ಅಂತ ನಾ ಕೇಳಿದೆ, ಅವರು ಹೇಳಿದ್ದು ನನಗ ಇನ್ನೂ ಕುಟುಕ್ತೈತಿ. "ರೊಕ್ಕ ಖರೇನ ಈಗ ಚಲೋ ಐತಿ ತಮ್ಮಾ. ಆದ್ರ ಮದ್ಲ ನಾ ನಿಂತ್ರ ಕೆಲಸ ನಿಲ್ತಿತ್ತು. ಈಗ ಮಷಿನ್ ನಿಲ್ಲಂಗಿಲ್ಲ ಅಂತ ನಾ ನಿಂತಿರ್ಬೇಕು." ಖರೇನ, ಮದ್ಲ ಅವರು ನಡುವ ಒಂದ್ ಎಲಿ ಅಡಕಿ ಹಾಕ್ಕೊಂತಿದ್ರು, ಮಾತಾಡ್ತಿದ್ರು, ಕೈ ತಾನ ಹೊಂಟಿರ್ತಿತ್ತು. ಮಷಿನ್ ಮುಂದ ಮಾತಾಡಿದ್ರ ಕೇಳಂಗೂ ಇಲ್ಲ, ಈ ಕಡೆ ಹೊಳ್ಳಿ ನೋಡೋದ್ರಾಗ ಒತ್ತಿದ ರೊಟ್ಟಿ ಬಂದು ಕುಂತಿರ್ತೈತಿ. ಅದಕ್ಕ ಅದ ರಿವೈಂಡಿಂಗ್ ಅಂಗಡಿಯವನ ಕಡೆ ಹೋಗಿ 450 ರೂಪಾಯಿ ಕೊಟ್ಟು ಒಂದು ಕಾಲ್ ಪೆಡಲ್ ಹಚ್ಚಿಸ್ಕೊಂಡು ಬಂದೆ, ಹೊಲಿಗಿ ಮಷಿನ್ನಿಗಿರ್ತೈತಲ್ಲ ಹಂಗ, ಕಾಲಿಟ್ರ ತಿರಗ್ತೈತಿ, ತಗದ್ರ ನಿಲ್ತೈತಿ. ಹಂಚು ಖಾಲಿ ಆದಾಗ ಅಕ್ಕಾರು "ಹೂಂ" ಅಂತಾರ, ಆವಾಗ ಅವ್ವ ಕಾಲ್ ಇಡ್ತಾಳ. ತಾಸಿಗೆ 140 ಇದ್ದದ್ದು 120ಕ್ಕ ಬಂತು. ಆದ್ರ ಅಡಗಿ ಮನ್ಯಾಗ ಮತ್ತ ಮಾತು ಕೇಳಾಕ ಹತ್ಯಾವ, ಓಣಿ ಸುದ್ದಿ ಎಲ್ಲಾ ಅಲ್ಲೇ ಲೈವ್. ತಗೊಳ್ಳೋರಿದ್ರ ಈ ಪೆಡಲ್ ಇರೋದ ತಗೋರಿ, ನಾ ಕೊಡೋ ಸಲಹಾದಾಗ ಇದ ದೊಡ್ಡದು.

ಹಳೇ ಕಾಲ ಎಷ್ಟ್ ಚಂದಿತ್ತು ಅನ್ನೋವ್ರಿಗೆ ಒಂದ್ ಮಾತು. ನಮ್ಮ ಹಿತ್ತಲದಾಗ ನಮ್ಮಜ್ಜಿ ಬೀಸುಕಲ್ಲು ಇನ್ನೂ ಐತಿ, ಈಗ ಅದರ ಮ್ಯಾಲೆ ತುಳಸಿ ಡಬ್ಬಿ ಇಟ್ಟೀವಿ. ನಮ್ಮ ಜಿಲ್ಲಾದ ಹಲಸಂಗಿ ಗೆಳೆಯರು ಊರೂರ ತಿರುಗಿ ಹೆಣ್ಮಕ್ಳ ಬೀಸೋ ಪದ ಬರ್ಕೊಂಡಿರ್ಲಿಲ್ಲಂದ್ರ ಅವೆಲ್ಲಾ ಗಿರಣಿ ಸಪ್ಪಳದಾಗ ಹೋಗಿಬಿಡ್ತಿದ್ವು, ಅದು ಖರೇನ. ಮಷಿನ್ ಬಂದ್ರ ಹಾಡು ಹೋಗ್ತಾವು ನೋಡಬೇ, ನಮ್ಮಜ್ಜಿ ಎಷ್ಟ್ ಚಂದ ಹಾಡ್ತಿದ್ಲಂತ ಅಂತ ನಾ ಒಂದಿನ ಸ್ವಲ್ಪ ಸಾಹಿತ್ಯ ಹೊಡದೆ. ಅವ್ವ ಉಂಡಿ ಕಟ್ಕೋತ ಅಂದ್ಲು, "ನಿಮ್ಮಜ್ಜಿ ಕೋಳಿ ಕೂಗೂಕ್ಕಿಂತ ಮದ್ಲ ಎದ್ದು ಬೀಸಬೇಕಾಗಿತ್ತು. ಹಾಡ್ತಿದ್ದದ್ದು ನಿದ್ದಿ ಬರಬಾರದಂತ." ಅಕ್ಕಾರು ಅಂತೂ ನಕ್ಕು ನಕ್ಕು ರೊಟ್ಟಿ ಹೊತ್ತಿಸಿದ್ರು.

ಇಷ್ಟೆಲ್ಲಾ ಆದ ಮ್ಯಾಲೆ ತಗೋಬೇಕೋ ಬ್ಯಾಡೋ ಅಂದ್ರ, ಬರೀ ಮನಿ ರೊಟ್ಟಿಗೆ ಅಂತಿದ್ರ ಬ್ಯಾಡ್ರಿ. 20-25 ರೊಟ್ಟಿಗೆ ಇದನ್ನ ಹೊರಗ ತಗದು ಒರಸಿ ಓಡ್ಸಿ ತೊಳದು ಇಡೋದ್ರಾಗ ಕೈಲೆ ಬಡದು ಉಂಡು ಕೈ ತೊಳ್ಕೊಂಡಿರ್ತೀರಿ. ಕೈ ನೋವು ಐತಿ, ಬಡಿಯೋದು ಆಗಂಗಿಲ್ಲ ಅನ್ನೋವ್ರಿಗೆ ಎರಡು ಪ್ಲೇಟಿನ ನಡುವ ಇಟ್ಟು ಹಿಡಕಿ ಒತ್ತೋ ಸಣ್ಣ ಪ್ರೆಸ್ ಸಿಗ್ತಾವ, ಅದು ನಡೀತೈತಿ. ಇಲ್ಲಂದ್ರ ಮನ್ಯಾಗಿನ ಗಂಡಸ್ರು ಕಲೀಬೇಕು, ನಾ ಕಲಿಯಾಕ ಹತ್ತೀನಿ, ನಂದು ಸದ್ಯಕ್ಕ ಗೋವಾದ ನಕಾಶಿ ಬರಾಕ ಹತ್ತೈತಿ. ದಿನಕ್ಕ 100 ಮ್ಯಾಲೆ ಮಾಡೋವ್ರು, ಸಂಘದವ್ರು, ಖಾನಾವಳಿಯವ್ರು ತಗೋರಿ, ಕಣ್ಮುಚ್ಚಿ ಅಲ್ಲ, ಕಣ್ ತಗದು. ತಗೊಳ್ಳೋವಾಗ ನಿಮ್ಮ ಮನಿ ಹಿಟ್ಟು ಒಯ್ರಿ, ಅಂಗಡಿಯವ್ರ ಡೆಮೋ ಹಿಟ್ಟಿನ್ಯಾಗ ಗೋಧಿ ಕಲಸಿದ್ರ ಯಾವ ಮಷಿನ್ನಾದ್ರೂ ಚಲೋನ ಒತ್ತತೈತಿ. ಬೆಲ್ಟ್ ನಂಬರ್ ಬರದಿಟ್ಕೋರಿ. ಸ್ಟಾರ್ ಕೊಡಲೇಬೇಕಂದ್ರ ಮಷಿನ್ನಿಗೆ ಮೂರೂವರಿ, ಸರ್ವಿಸಿಗೆ ಒಂದು, ಅದೂ ಫೋನ್ ಎತ್ತಿದ್ದಕ್ಕ.

ನೋಡಾಕ ಬರೋವ್ರಿದ್ರ ಬರ್ರಿ, ಆದ್ರ ಸ್ವಾಮಾರ, ಅಂದ್ರ ಸೋಮವಾರ, ಬರಬ್ಯಾಡ್ರಿ. ಸ್ವಾಮಾರ ಎತ್ತು ಹೂಡಂಗಿಲ್ಲ, ಬಸವಣ್ಣಗ ರಜಾ, ಹಂಗ ಅವ್ವ ಮಷಿನ್ನಿಗೂ ರಜಾ ಕೊಟ್ಟಾಳ, ಮ್ಯಾಲೊಂದು ಇಳಕಲ್ ಸೀರಿದು ಹಳೇ ತುಂಡು ಹೊಚ್ಚಿರ್ತಾಳ. ಅವತ್ತ ಮನಿ ಪೂರ್ತೆಕ ಅಷ್ಟ ರೊಟ್ಟಿ ಕೈಲೆ ಬಡೀತಾಳ, ಬ್ಯಾಡಬೇ ಭುಜ ನೋಯ್ತೈತಿ ಅಂದ್ರೂ ಕೇಳಂಗಿಲ್ಲ. ಅವು ಮಾರಾಕ ಅಲ್ಲ, ಕೇಳಬ್ಯಾಡ್ರಿ.